ಊಟ ಮಾತ್ರ ಬಿಡಬೇಡ ಕಣೋ

ಪ್ರೀತಿಯ ಗೆಳೆಯಾ,

"ಹಸಿವೇ ಆಗಲ್ಲ ಕಣೋ, ಟೀ ಬಿಸ್ಕತ್ತಲ್ಲೇ ದಿನ ಕಳೆದುಹೋಗುತ್ತೆ" ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ನಾಲ್ಕು ವರ್ಷದ ಹಿಂದೆ ಖಿನ್ನತೆಯಲ್ಲಿ ನಾನೂ ಹೀಗೇ ಇದ್ದೆ. ನಿನಗೆ ಹೇಳಿರಲಿಲ್ಲ. ತಲೆದಿಂಬಿನ ಪಕ್ಕ ಬಿಸ್ಕತ್ತಿನ ಪೊಟ್ಟಣ, ಹಾಸಿಗೆ ತುಂಬಾ ಅದರ ಪುಡಿ. ಕೊಡವಿ ಮಲಗೋಣ ಅಂತಲೂ ಅನ್ನಿಸುತ್ತಿರಲಿಲ್ಲ. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆಯುವ ಮೊದಲು "ದಿನಾ ಏನು ತಿನ್ನುತ್ತೀರಿ?" ಅಂತ ಕೇಳಿದರು. ನನಗೆ ಸಿಟ್ಟು ಬಂತು. ಮನಸ್ಸು ಕುಸಿದು ಕೂತಿರುವಾಗ ಊಟದ ಲೆಕ್ಕ ಯಾಕೆ ಅಂತ. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ವಿಟಮಿನ್ ಮತ್ತು ಕಬ್ಬಿಣದ ಅಂಶ ಎರಡೂ ಕಡಿಮೆ ಇದ್ದವು.

ಆಮೇಲೆ ಓದುತ್ತಾ ಹೋದೆ. ಮೆದುಳು ನಮ್ಮ ತೂಕದಲ್ಲಿ ಸುಮಾರು ಶೇಕಡಾ 2 ಅಷ್ಟೇ. ಆದರೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇಕಡಾ 20ರಷ್ಟು ಅದಕ್ಕೇ ಬೇಕು. ಮನಸ್ಥಿತಿಗೆ ಸಂಬಂಧಪಟ್ಟ ಸೆರೊಟೋನಿನ್ ಎಂಬ ರಾಸಾಯನಿಕ ತಯಾರಾಗುವುದು ಪ್ರೋಟೀನಿನ ಒಂದು ಅಂಶವಾದ ಟ್ರಿಪ್ಟೊಫಾನ್‌ನಿಂದ. ಅದನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು, ಮೊಟ್ಟೆ, ಮೀನು, ಕಾಳು, ಬೀಜಗಳಂಥ ಆಹಾರದಿಂದಲೇ ಬರಬೇಕು. ಸೆರೊಟೋನಿನ್ ತಯಾರಾಗಲು ಕಬ್ಬಿಣವೂ ಬಿ6 ವಿಟಮಿನ್ ಕೂಡ ಬೇಕು. ಹಾಗಂತ ಒಂದು ಮೊಟ್ಟೆ ತಿಂದ ತಕ್ಷಣ ಮನಸ್ಸು ಹಗುರಾಗುತ್ತದೆ ಅಂತಲ್ಲ.

ನನಗೆ ನಿಜವಾಗಿ ಧೈರ್ಯ ಕೊಟ್ಟಿದ್ದು 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ. ಅದರ ಹೆಸರು ಸ್ಮೈಲ್ಸ್. ಫೆಲಿಸ್ ಜಾಕಾ ಎಂಬ ಸಂಶೋಧಕಿಯ ತಂಡ ಮಾಡಿದ್ದು. ಖಿನ್ನತೆ ಇದ್ದ 67 ಜನರಲ್ಲಿ ಅರ್ಧದಷ್ಟು ಮಂದಿಗೆ ಊಟ ಬದಲಿಸಲು 12 ವಾರ ನೆರವು ಕೊಟ್ಟರು. ತರಕಾರಿ, ಹಣ್ಣು, ಇಡೀ ಧಾನ್ಯ, ಕಾಳು, ಮೀನು, ಆಲಿವ್ ಎಣ್ಣೆ ಜಾಸ್ತಿ, ಸಿಹಿ ಮತ್ತು ಕರಿದದ್ದು ಕಡಿಮೆ. ಉಳಿದವರ ಜೊತೆ ಸುಮ್ನೆ ಸ್ನೇಹದಿಂದ ಕೂತು ಮಾತಾಡುತ್ತಿದ್ದರು. ಊಟ ಬದಲಿಸಿದವರಲ್ಲಿ ಶೇಕಡಾ 32 ಜನ ಖಿನ್ನತೆಯಿಂದ ಹೊರಗೆ ಬಂದರು, ಇನ್ನೊಂದು ಗುಂಪಿನಲ್ಲಿ ಶೇಕಡಾ 8. ಚಿಕ್ಕ ಅಧ್ಯಯನ, ನಿಜ. ತಾವು ಯಾವ ಗುಂಪಿನಲ್ಲಿದ್ದೇವೆ ಅನ್ನುವುದೂ ಅವರಿಗೆ ಗೊತ್ತಿತ್ತು, ಆ ನಿರೀಕ್ಷೆಯೂ ಫಲಿತಾಂಶದಲ್ಲಿ ಸೇರಿರಬಹುದು. ಮುಖ್ಯ ವಿಷಯ, ಅವರಲ್ಲಿ ಬಹಳ ಮಂದಿ ಔಷಧಿಯನ್ನೋ ಕೌನ್ಸೆಲಿಂಗನ್ನೋ ಬಿಟ್ಟಿರಲಿಲ್ಲ. ನೀನೂ ಬಿಡಬೇಡ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡ.

ಚೆನ್ನಾಗಿ ಊಟ ಮಾಡುವವರಲ್ಲಿ ಖಿನ್ನತೆ ಕಡಿಮೆ ಅಂತ ದೊಡ್ಡ ಸಮೀಕ್ಷೆಗಳೂ ಹೇಳುತ್ತವೆ. ಆದರೆ ಮನಸ್ಸು ಕೆಟ್ಟವನಿಗೆ ಊಟ ಸೇರುವುದಿಲ್ಲ ಅಲ್ವಾ? ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸುವುದು ಕಷ್ಟ. ಇನ್ನು ವಿಟಮಿನ್ ಡಬ್ಬ ತಂದುಬಿಡೋಣ ಅಂದುಕೊಳ್ಳಬೇಡ. ಯುರೋಪಿನಲ್ಲಿ ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ಪೋಷಕಾಂಶದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ಖಿನ್ನತೆ ತಡೆಯುವುದರಲ್ಲಿ ಅದರಿಂದ ಉಪಯೋಗ ಆಗಲಿಲ್ಲ ಅಂತ 2019ರಲ್ಲಿ ವರದಿ ಬಂತು. ರಕ್ತದಲ್ಲಿ ಕೊರತೆ ಕಂಡರೆ ಮಾತು ಬೇರೆ, ಆಗ ಡಾಕ್ಟರ್ ಹೇಳಿದಂತೆ ಮಾತ್ರೆ ತಗೋ.

ಅಡುಗೆ ಮಾಡಲು ಕೈಯೇ ಏಳುವುದಿಲ್ಲ, ಗೊತ್ತು. ನಾನು ಒಂದು ಮೊಟ್ಟೆಯಿಂದ ಶುರು ಮಾಡಿದೆ. ಪಾತ್ರೆಗೆ ನೀರು ಹಾಕಿ, ಮೊಟ್ಟೆ ಇಟ್ಟು, ಅದು ಕುದಿಯುತ್ತಾ ತಳಕ್ಕೆ ಟಕ್ ಟಕ್ ಅಂತ ಬಡಿಯುವುದನ್ನು ನೋಡುತ್ತಾ ನಿಂತಿದ್ದೆ. ಸಿಪ್ಪೆ ಸರಿಯಾಗಿ ಬಿಡಲಿಲ್ಲ, ಅರ್ಧ ಬಿಳಿಭಾಗ ಅದರ ಜೊತೆಗೇ ಹೋಯಿತು. ಉಳಿದದ್ದನ್ನು ಉಪ್ಪು ಹಚ್ಚಿ ನಿಂತಲ್ಲೇ ತಿಂದೆ. ವಾರ ಕಳೆದ ಮೇಲೆ ಜೊತೆಗೊಂದು ಹಣ್ಣು. ಆಮೇಲೆ ಬೇಯಿಸಿದ ಕಾಳು, ಒಂದು ಹಿಡಿ ಸೊಪ್ಪು. ಮೂರು ಹೊತ್ತು ಸರಿಯಾಗಿ ಉಣ್ಣಲು ಎರಡು ತಿಂಗಳೇ ಬೇಕಾಯಿತು.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಕಾಳು, ಸೊಪ್ಪು ನಾನೇ ತರುತ್ತೇನೆ. ನೀನು ಸುಮ್ನೆ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತಿರು, ಸಾಕು. ಅಲ್ಲಿಯವರೆಗೆ ತೀರಾ ಸಂಕಟ ಆದರೆ, ಬದುಕೇ ಬೇಡ ಅನ್ನಿಸಿದರೆ, ನಡುರಾತ್ರಿಯಾದರೂ ಫೋನ್ ಮಾಡು. ಎತ್ತುತ್ತೇನೆ. ಕೂಡಲೇ ಹೊರಟು ಬರುತ್ತೇನೆ, ಇಬ್ಬರೂ ಸೇರಿ ಡಾಕ್ಟರ ಹತ್ತಿರ ಹೋಗೋಣ.

ನಿನ್ನವನೇ,
ಗೆಳೆಯ