ಗೆಳೆಯನಿಗೊಂದು ಪತ್ರ: ‘ರೇಜಿಂಗ್ ಬುಲ್’ ಮತ್ತು ವಿಮರ್ಶಕರು

ಪ್ರಿಯ ಗೆಳೆಯ,

ಬಾಕ್ಸರ್ ಜೇಕ್ ಲಮೋಟಾನ ಬದುಕಿನ ಮೇಲೆ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ‘ರೇಜಿಂಗ್ ಬುಲ್’ ಬಗ್ಗೆ ಲೇಖನ ಬರೆಯಲು ಕೂತಿದ್ದೀಯ ಅಂದೆ. ದಯವಿಟ್ಟು “ಬಂದ ದಿನವೇ ಎಲ್ಲರೂ ಕೊಂಡಾಡಿದ ಚಿತ್ರ” ಅಂತ ಶುರು ಮಾಡಬೇಡ. 1980ರ ನವೆಂಬರಿನಲ್ಲಿ ತೆರೆಕಂಡಾಗ ಅಮೆರಿಕದ ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ‘ದ ನ್ಯೂಯಾರ್ಕರ್’ನಲ್ಲಿ ಪಾಲಿನ್ ಕೇಲ್ ಕಟುವಾಗಿಯೇ ಬರೆದರು. ಒಪ್ಪದವರ ತಕರಾರಿನ ತಿರುಳು ಇಷ್ಟು: ಜೇಕ್ ಲಮೋಟಾ ಹೆಂಡತಿಗೂ ಹೊಡೆಯುತ್ತಾನೆ, ತಮ್ಮನಿಗೂ ಹೊಡೆಯುತ್ತಾನೆ, ಯಾಕೆ ಹೀಗಾದ ಅಂತ ಸ್ಕಾರ್ಸೆಸಿ ಎಲ್ಲೂ ಬಿಡಿಸಿ ಹೇಳುವುದಿಲ್ಲ.

ಅವರ ನಿರಾಸೆಗೆ ಹಿನ್ನೆಲೆಯೂ ಇದೆ. ಇದೇ ನಿರ್ಮಾಪಕರು, ವಿಂಕ್ಲರ್ ಮತ್ತು ಚಾರ್ಟಾಫ್, 1976ರಲ್ಲಿ ‘ರಾಕಿ’ ಕೊಟ್ಟಿದ್ದರು. ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂದಿತ್ತು. ಬಾಕ್ಸಿಂಗ್ ಚಿತ್ರವೆಂದರೆ ಬಡ ಹುಡುಗ ಎದ್ದು ನಿಲ್ಲುವ ಕಥೆ ಅಂತ ಜನರ ಮನಸ್ಸಿನಲ್ಲಿತ್ತು. ಇಲ್ಲಿ ಚಾಂಪಿಯನ್ ತನ್ನ ಬದುಕನ್ನು ತಾನೇ ಕೆಡವಿಕೊಳ್ಳುತ್ತಾನೆ.

ನನ್ನ ಪ್ರಕಾರ, ಜೇಕ್ ಯಾಕೆ ಹೀಗಾದ ಎಂಬ ಪ್ರಶ್ನೆಗೆ ಉತ್ತರ ರಿಂಗಿನೊಳಗೇ ಇದೆ. 129 ನಿಮಿಷದ ಚಿತ್ರದಲ್ಲಿ ಗುದ್ದಾಟ ಹೆಚ್ಚುಕಡಿಮೆ ಹತ್ತು ನಿಮಿಷ ಮಾತ್ರ. ಪ್ರತಿ ಪಂದ್ಯವನ್ನೂ ಅದಕ್ಕೆ ಮುಂಚಿನ ಮನೆಯ ದೃಶ್ಯದ ಜೊತೆ ಸೇರಿಸಿ ನೋಡು. ಎದುರಾಳಿ ಬಾಕ್ಸರ್ ಜನೀರೊ ನೋಡೋಕೆ ಚೆನ್ನಾಗಿದ್ದಾನೆ ಅಂತ ಜೇಕ್‌ನ ಹೆಂಡತಿ ವಿಕಿ ಸುಮ್ಮನೆ ಅಂದುಬಿಡುತ್ತಾಳೆ; ಆಮೇಲೆ ರಿಂಗಿನಲ್ಲಿ ಜೇಕ್ ಗುರಿಯಿಡುವುದು ಆ ಮುಖಕ್ಕೇ. ಕ್ಯಾಮೆರಾ ಹಗ್ಗದ ಹೊರಗೆ ನಿಂತು ಪಂದ್ಯ ತೋರಿಸುವುದಿಲ್ಲ, ಒಳಗೆ ಅವನ ಪಕ್ಕದಲ್ಲೇ ಇರುತ್ತದೆ. ರಿಂಗಿನ ಅಳತೆಯೂ ಒಂದೇ ಇಲ್ಲ: ಒಮ್ಮೆ ವಿಶಾಲ, ಒಮ್ಮೆ ಇಕ್ಕಟ್ಟು. ಧ್ವನಿ ಪರಿಣಾಮ ನೋಡಿಕೊಂಡ ಫ್ರ್ಯಾಂಕ್ ವಾರ್ನರ್ ಗುದ್ದಿನ ಸದ್ದಿಗೆ ಕರಬೂಜ, ಟೊಮೆಟೊ ಹಿಚುಕಿದ ಶಬ್ದ ಬಳಸಿದರು. ಶುಗರ್ ರೇ ರಾಬಿನ್ಸನ್ ಎದುರಿನ ಕೊನೆಯ ಪಂದ್ಯವನ್ನಂತೂ (1951ರ ಫೆಬ್ರವರಿ 14, 13ನೇ ಸುತ್ತು) ಹೆಡ್‌ಫೋನ್ ಹಾಕಿಕೊಂಡು ನೋಡು. ಏಟು ಬೀಳುವ ಮುಂಚೆ ಸದ್ದು ಅಡಗುತ್ತದೆ, ಆಮೇಲೆ ಒಮ್ಮೆಲೇ ಅಪ್ಪಳಿಸುತ್ತದೆ. ಜೇಕ್ ಕೈ ಎತ್ತಿ ತಡೆಯುವುದೇ ಇಲ್ಲ. ಶಿಕ್ಷೆಯನ್ನು ಬೇಡಿ ಪಡೆಯುವವನಂತೆ ಹಗ್ಗಕ್ಕೆ ಒರಗಿ ನಿಲ್ಲುತ್ತಾನೆ. ಬಾಯಿಬಿಟ್ಟು ವಿವರಿಸಿದ್ದರೆ ಈ ದೃಶ್ಯ ಸತ್ತೇಹೋಗುತ್ತಿತ್ತು.

ಎಂಟು ನಾಮನಿರ್ದೇಶನಗಳಲ್ಲಿ ಕೈಗೆ ಬಂದದ್ದು ಎರಡು ಆಸ್ಕರ್: ಜೇಕ್ ಪಾತ್ರದ ನಟನೆಗೆ ರಾಬರ್ಟ್ ಡಿ ನೀರೋ, ಸಂಕಲನಕ್ಕೆ ಥೆಲ್ಮಾ ಶೂನ್‌ಮೇಕರ್. ಅತ್ಯುತ್ತಮ ಚಿತ್ರ ಪ್ರಶಸ್ತಿ ‘ಆರ್ಡಿನರಿ ಪೀಪಲ್’ ಪಾಲಾಯಿತು. ಹತ್ತೇ ವರ್ಷದಲ್ಲಿ ಗಾಳಿ ತಿರುಗಿತು. 1990ರಲ್ಲಿ ಚಿತ್ರ ಕಾಪಾಡಿಡಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿತು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ನೂರು ಚಿತ್ರಗಳ ಪಟ್ಟಿಯಲ್ಲಿ 1998ರಲ್ಲಿ 24ನೇ ಜಾಗ, 2007ರಲ್ಲಿ 4ನೇ ಜಾಗ. ಬದಲಾದದ್ದು ನೋಡುವ ಕಣ್ಣು.

ಪಾತ್ರಕ್ಕಾಗಿ ಡಿ ನೀರೋ ಸುಮಾರು 27 ಕಿಲೋ ದಪ್ಪಗಾದ ಸಂಗತಿಗೆ ಒಂದೇ ವಾಕ್ಯ ಸಾಕು. ಅದಕ್ಕಾಗಿ ಚಿತ್ರೀಕರಣ ತಿಂಗಳುಗಟ್ಟಲೆ ನಿಂತದ್ದು ನಿಜ, ಆದರೆ ಅರ್ಧ ಲೇಖನ ತೂಕದಲ್ಲೇ ಮುಗಿದರೆ ಶೂನ್‌ಮೇಕರ್ ಸಂಕಲನದ ಬಗ್ಗೆ, ಮೈಕೆಲ್ ಚಾಪ್ಮನ್‌ರ ಕಪ್ಪುಬಿಳುಪು ಛಾಯಾಗ್ರಹಣದ ಬಗ್ಗೆ ಬರೆಯಲು ಜಾಗವೇ ಇರುವುದಿಲ್ಲ.

ಹಾಗಂತ ಹಳೆಯ ತಕರಾರುಗಳನ್ನೆಲ್ಲ ತಳ್ಳಿಹಾಕಬೇಡ. ಕ್ಯಾಥಿ ಮೋರಿಯಾರ್ಟಿ ಅಷ್ಟು ಚೆನ್ನಾಗಿ ನಟಿಸಿದ್ದರೂ ವಿಕಿಯನ್ನು ನಾವು ಬಹುಪಾಲು ಜೇಕ್‌ನ ಸಂಶಯದ ಕಣ್ಣಿನಿಂದಲೇ ನೋಡುತ್ತೇವೆ. ಇದು ಚಿತ್ರದ ನಿಜವಾದ ಕೊರತೆ ಅಂತಲೇ ನನಗನ್ನಿಸುತ್ತದೆ. ನಿನಗೆ ಹಾಗನ್ನಿಸದಿದ್ದರೆ ಕಾರಣ ಕೊಟ್ಟು ಬರೆ, ಕರಡು ಕಳಿಸು.

ನಿನ್ನ ಗೆಳೆಯ