ತರಬೇತಿಯ ಮಂಕು ದಿನಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳಿಂದ ಗುಂಪಿನಲ್ಲಿ ಮೌನ. ಬೆಳಗಿನ ಈಜಿನ ಫೋಟೊಗಳೂ ಇಲ್ಲ, ಸೈಕಲ್ ಪಂಕ್ಚರಿನ ಗೋಳೂ ಇಲ್ಲ. ಕಾರಣ ಊಹಿಸಬಲ್ಲೆ: ಶುರುವಿನ ಹುರುಪು ಇಳಿದಿದೆ, ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸಬೇಕಾದ ನಮ್ಮ ಐರನ್‌ಮ್ಯಾನ್ ಸ್ಪರ್ಧೆಗೆ ಇನ್ನೂ ಮೂರು ತಿಂಗಳಿದೆ.

3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ. ಮೂರನ್ನೂ ಒಟ್ಟಿಗೆ ನೆನೆದರೆ ಯಾರಿಗಾದರೂ ಹಾಸಿಗೆಯೇ ಹಿತವೆನಿಸುತ್ತದೆ. ಆದ್ದರಿಂದ ನೆನೆಯಬೇಡಿ. ಇವತ್ತು 45 ನಿಮಿಷದ ಓಟವಿದ್ದರೆ ಅಷ್ಟನ್ನೇ ಯೋಚಿಸಿ. ಬೂಟು ಕಟ್ಟಿ ಹತ್ತು ನಿಮಿಷ ಓಡಿ; ಆಮೇಲೂ ಮನಸ್ಸು ಒಗ್ಗದಿದ್ದರೆ ಮನೆಗೆ ಮರಳಿ. ನಾನು ಹಾಗೆ ಮರಳಿದ್ದು ಈ ವರ್ಷ ಎರಡೇ ಸಲ.

ಆದರೆ ಎಲ್ಲ ಬೇಸರವೂ ಸೋಮಾರಿತನವಲ್ಲ. ನಿದ್ದೆ ಕೆಟ್ಟಿದ್ದರೆ, ಬೆಳಿಗ್ಗೆ ಎದ್ದಾಗಲೇ ನಾಡಿಬಡಿತ ಎಂದಿಗಿಂತ ಹೆಚ್ಚಿದ್ದರೆ, ಸಣ್ಣದಕ್ಕೂ ಸಿಡುಕುತ್ತಿದ್ದರೆ ದೇಹ ರಜೆ ಕೇಳುತ್ತಿರಬಹುದು. ಮೂರು ವಾರ ಶ್ರಮ ಏರಿಸಿ ನಾಲ್ಕನೆಯ ವಾರ ಇಳಿಸುವ ಕ್ರಮ ಇರುವುದೇ ಇದಕ್ಕಾಗಿ. ಆ ಹಗುರ ವಾರದಲ್ಲೂ ಗುಟ್ಟಾಗಿ ಸೈಕಲ್ ತುಳಿಯುವವರು ನಮ್ಮಲ್ಲಿ ಇಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ. ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸಲೂ ಹೋಗಬೇಡಿ, ಗಾಯ ಬರುವುದು ಅಲ್ಲಿಂದಲೇ.

1978ರಲ್ಲಿ ಹವಾಯಿಯಲ್ಲಿ ನಡೆದ ಮೊದಲ ಐರನ್‌ಮ್ಯಾನ್‌ನಲ್ಲಿ ಹೊರಟವರು 15 ಮಂದಿ, ಮುಗಿಸಿದವರು 12. ನಾವು 14 ಮಂದಿ ಇದ್ದೇವೆ.

ಶನಿವಾರದ ದೀರ್ಘ ಸವಾರಿಗೆ ಇಬ್ಬಿಬ್ಬರು ಜೋಡಿಯಾಗಿ ಬನ್ನಿ. ಜೊತೆಗಾರರು ಕಾಯುತ್ತಿದ್ದಾರೆ ಎಂದರೆ ಅಲಾರಂ ಆರಿಸಿ ಮಲಗಲು ಮನಸ್ಸು ಬರುವುದಿಲ್ಲ. ಜೋಡಿ ಬೇಕಾದವರು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.