ಹಳೆಯ ಜೊಂಗಾದ ಬ್ರೇಕಿಗೂ ನಿಯಮದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಸೇನೆಯ ಹರಾಜಿನಲ್ಲಿ ನಮ್ಮ ತಂದೆಯವರು ಕೊಂಡು ತಂದು, ಮಳೆಗಾಲದ ಕೆಸರಿನಲ್ಲೂ ಮಂಡ್ಯದ ನಮ್ಮ ಕಬ್ಬಿನ ಗದ್ದೆಯವರೆಗೆ ಓಡಿಸುತ್ತಿದ್ದ ಜೊಂಗಾ ಎಂಬ ಸೇನಾ ಜೀಪನ್ನು ಎರಡು ವರ್ಷಗಳಿಂದ ಮೈಸೂರಿನ ಗ್ಯಾರೇಜೊಂದರಲ್ಲಿ ದುರಸ್ತಿ ಮಾಡಿಸುತ್ತಿದ್ದೇನೆ. ನಿಸ್ಸಾನ್ ಕಂಪನಿಯ ‘ಪ್ಯಾಟ್ರೋಲ್’ ಜೀಪಿನ ವಿನ್ಯಾಸ ಆಧರಿಸಿ ಜಬಲ್‌ಪುರದಲ್ಲಿ ತಯಾರಾದ ಈ ವಾಹನದ ಆರು ಸಿಲಿಂಡರುಗಳ, 3,956 ಸಿಸಿ ಎಂಜಿನ್ನು ಪೆಟ್ರೋಲನ್ನು ಧಾರಾಳವಾಗಿ ಕುಡಿಯುತ್ತದೆಂಬ ಕಾರಣಕ್ಕೆ ಹಲವರು ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸುತ್ತಾರೆ. ಮೂಲ ಎಂಜಿನ್ ಒಮ್ಮೆ ಗುಜರಿಗೆ ಹೋದರೆ ಮತ್ತೆ ಹುಡುಕುವುದು ಬಲು ಕಷ್ಟ. ನನಗೆ ಅದು ನಿಜಕ್ಕೂ ನೋವಿನ ಸಂಗತಿ.

ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನಗಳ ನಿಯಮವು, 50 ವರ್ಷ ದಾಟಿದ ವಾಹನದ ಚಾಸಿ (ಅಡಿಚೌಕಟ್ಟು), ಬಾಡಿ ಮತ್ತು ಎಂಜಿನ್ನನ್ನು ಗಣನೀಯವಾಗಿ ಬದಲಿಸಿರಬಾರದು ಎನ್ನುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದ್ದು, ಅದು 10 ವರ್ಷ ಊರ್ಜಿತವಾಗಿರುತ್ತದೆ. ಬದಲಾವಣೆಯ ಮೇಲಿನ ಈ ನಿರ್ಬಂಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಬ್ರೇಕ್ ಹಾಕಿಸುವುದು, ಸೀಟ್ ಬೆಲ್ಟ್ ಅಳವಡಿಸುವುದು ಗಣನೀಯ ಬದಲಾವಣೆಯೇ ಎಂದು ಸಾರಿಗೆ ಕಚೇರಿಯೊಂದರಲ್ಲಿ ಕೇಳಿದಾಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಬೆಂಗಳೂರು ಹೆದ್ದಾರಿಯ ಇಂದಿನ ವೇಗದ ನಡುವೆ ಇಷ್ಟು ಭಾರದ ಗಾಡಿಯನ್ನು ಹಳೆಯ ಬ್ರೇಕಿನ ಭರವಸೆಯಲ್ಲೇ ಇಳಿಸಲು ನನಗೆ ಧೈರ್ಯವಿಲ್ಲ.

ಆದ್ದರಿಂದ ಮೂಲ ಭಾಗಗಳನ್ನು ಕತ್ತರಿಸದೆ ಮಾಡುವ ಇಂಥ ಸುರಕ್ಷತಾ ಬದಲಾವಣೆಗಳ ಪಟ್ಟಿಯನ್ನು ಸಾರಿಗೆ ಇಲಾಖೆಯು ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

— ಓದುಗ, ಮಂಡ್ಯ